ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್: ಅಂಗೈ, ಅಂಗಾಲು ಎರಡನ್ನೂ ನೋಡಿದ ಜಾಗ

ಸರ್ಕಾರಿ ಆಸ್ಪತ್ರೆಯ ಒಂದು ಸಣ್ಣ ಕೋಣೆಗೆ ಯಾರೂ ರಿವ್ಯೂ ಬರೆಯುವುದಿಲ್ಲ. ಅದರಲ್ಲೂ ಸುರಕ್ಷಾ ಕ್ಲಿನಿಕ್‌ಗೆ ಹೋಗಿ ಬಂದವರು ಅಲ್ಲಿಗೆ ಹೋಗಿದ್ದೆ ಅಂತಾನೇ ಹೇಳಿಕೊಳ್ಳುವುದಿಲ್ಲ. ನಾನು ಬರೆಯುತ್ತೇನೆ. ನನ್ನ ಹೆಸರು ಹಾಕುವುದಿಲ್ಲ, ಊರಿನ ಹೆಸರೂ ಬೇಡ. ಲೇಡೀಸ್ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ, ಬ್ಲೌಸ್ ಹೊಲಿಯುತ್ತೇನೆ, ವಯಸ್ಸು ನಲವತ್ತರ ಹತ್ತಿರ, ಇಬ್ಬರು ಮಕ್ಕಳು. ನನ್ನ ಬಗ್ಗೆ ಇಷ್ಟು ಸಾಕು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಜಿಲ್ಲಾಸ್ಪತ್ರೆಗಳಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಲೈಂಗಿಕ ಸಂಪರ್ಕದಿಂದ ಬರುವ ಕಾಯಿಲೆಗಳನ್ನು ನೋಡೋದಕ್ಕೆ ಅಂತಾನೇ ಒಂದು ಕ್ಲಿನಿಕ್ ಇರುತ್ತದೆ. ದೇಶದ ಮಟ್ಟದಲ್ಲಿ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ), ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಇದನ್ನು ನೋಡಿಕೊಳ್ಳುತ್ತದೆ. ಇದಕ್ಕೆ ಇಟ್ಟ ಹೆಸರೇ ಸುರಕ್ಷಾ ಕ್ಲಿನಿಕ್. ಡಾಕ್ಟರ್ ಇರುತ್ತಾರೆ, ಆಪ್ತ ಸಮಾಲೋಚಕರು ಇರುತ್ತಾರೆ, ರಕ್ತಪರೀಕ್ಷೆ ಮತ್ತು ಔಷಧಿ ಉಚಿತ. ಓಪಿಡಿ ಚೀಟಿಗೆ ಕೊಟ್ಟ ಚಿಲ್ಲರೆ ಬಿಟ್ಟರೆ ನನಗೆ ಒಂದು ಪೈಸೆ ಖರ್ಚಾಗಲಿಲ್ಲ.

ನಾನು ಅಲ್ಲಿಗೆ ಹೋಗಿ ಸೇರುವ ಹೊತ್ತಿಗೆ ಖರ್ಚೆಲ್ಲ ಬೇರೆ ಕಡೆ ಆಗಿಹೋಗಿತ್ತು. ಅದನ್ನು ಮೊದಲು ಹೇಳಿದರೆ ಈ ಕ್ಲಿನಿಕ್‌ನವರು ಏನು ಮಾಡಿದರು ಅನ್ನುವುದು ಸರಿಯಾಗಿ ಅರ್ಥವಾಗುತ್ತದೆ.

ದೀಪಾವಳಿ ಕೆಲಸದ ಗಡಿಬಿಡಿ ಮುಗಿದ ಮೇಲೆ ಬೆನ್ನು, ಹೊಟ್ಟೆಯ ಮೇಲೆ ಕೆಂಪು ಕಲೆಗಳು ಎದ್ದವು. ತುರಿಕೆ ಇಲ್ಲ, ಉರಿ ಇಲ್ಲ. ಸ್ವಲ್ಪ ಸುಸ್ತು, ಗಂಟಲು ನೋವು, ಸಂಜೆ ಹೊತ್ತಿಗೆ ಮೈ ಬೆಚ್ಚಗೆ. ಪಿತ್ತದ ಗಂಧೆ ಇರಬೇಕು ಅಂತ ಅತ್ತೆ ಮಜ್ಜಿಗೆ ಕುಡಿಸಿದರು. ಕಡಿಮೆ ಆಗಲಿಲ್ಲ. ಒಂದು ಖಾಸಗಿ ಚರ್ಮದ ಕ್ಲಿನಿಕ್‌ಗೆ ಹೋದೆ. ಡಾಕ್ಟರು ಬೆನ್ನು ನೋಡಿ 'ಪಿಟಿರಿಯಾಸಿಸ್ ರೋಸಿಯಾ' ಅಂತ ಚೀಟಿಯಲ್ಲಿ ಬರೆದರು. ಭಯ ಪಡಬೇಡಿ, ಆರೆಂಟು ವಾರದಲ್ಲಿ ತಾನಾಗಿ ಹೋಗುತ್ತದೆ ಅಂದರು. ಕ್ಯಾಲಮೈನ್ ಲೋಷನ್, ಅಲರ್ಜಿ ಮಾತ್ರೆ ಕೊಟ್ಟರು. ಹಾಗೊಂದು ಕಾಯಿಲೆ ನಿಜವಾಗಿಯೂ ಇದೆ. ಕಲೆಗಳು ತಾನಾಗಿ ಬಂದು ತಾನಾಗಿ ಹೋಗುತ್ತವೆ, ಅಪಾಯ ಇಲ್ಲ. ಅದಕ್ಕೇ ನಾನೂ ನೆಮ್ಮದಿಯಾಗಿ ಮನೆಗೆ ಬಂದೆ.

ಆಮೇಲೆ ಕೂದಲು ಉದುರೋಕೆ ಶುರುವಾಯಿತು. ತಲೆ ತುಂಬ ಸಮವಾಗಿ ತೆಳುವಾಗುವುದಲ್ಲ, ಅಲ್ಲಲ್ಲಿ ಸಣ್ಣ ಸಣ್ಣ ಜಾಗದಲ್ಲಿ ಯಾರೋ ಕಿತ್ತ ಹಾಗೆ. ಅದಕ್ಕೆ ಇನ್ನೊಂದು ಕಡೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಾರ್ಮಲ್ ಬಂತು. ತುಟಿಯ ಒಳಗೆ ಬೂದು ಬಣ್ಣದ ಹುಣ್ಣು ಆಯಿತು, ಬಿ ಕಾಂಪ್ಲೆಕ್ಸ್ ಕೊಟ್ಟರು. ಅಂಗೈಯಲ್ಲಿ ಕಲೆ ಬಂದಾಗ ಮತ್ತೊಬ್ಬರು ಸೋರಿಯಾಸಿಸ್ ಅಂದು ಸ್ಟೆರಾಯ್ಡ್ ಮುಲಾಮು ಬರೆದರು. ಜೀವನಪೂರ್ತಿ ಇರುತ್ತದೆ, ಹೊಂದಿಕೊಳ್ಳಬೇಕು ಅಂತಲೂ ಹೇಳಿದರು. ಅವತ್ತು ರಾತ್ರಿ ನಾನು ಅತ್ತಿದ್ದೇನೆ. ಅಳತೆ ತೆಗೆಯುವಾಗ ಗಿರಾಕಿಗಳು ನನ್ನ ಕೈ ನೋಡುತ್ತಾರೆ ಅಲ್ವಾ, ಈ ಕೈ ಇಟ್ಟುಕೊಂಡು ಅಂಗಡಿ ನಡೆಸೋದು ಹೇಗೆ ಅನ್ನಿಸಿತು.

ಒಬ್ಬರು ಬೆನ್ನು ನೋಡಿದರು, ಒಬ್ಬರು ತಲೆ ನೋಡಿದರು, ಒಬ್ಬರು ಬಾಯಿ, ಒಬ್ಬರು ಕೈ. ಎಲ್ಲವನ್ನೂ ಒಟ್ಟಿಗೆ ಯಾರೂ ನೋಡಲಿಲ್ಲ. ಚಪ್ಪಲಿ ಬಿಚ್ಚಿ ಅಂತ ಒಬ್ಬರೂ ಹೇಳಲಿಲ್ಲ. ಮುಖ್ಯವಾದ ಪ್ರಶ್ನೆಯನ್ನೂ ಕೇಳಲಿಲ್ಲ. ಕೊರಳಲ್ಲಿ ತಾಳಿ ಇದೆ, ಕುಂಕುಮ ಇಟ್ಟಿದ್ದಾಳೆ, ಇವಳನ್ನು ಇಂಥದ್ದೆಲ್ಲ ಕೇಳೋದು ಹೇಗೆ ಅಂತ ಅವರಿಗೆ ಸಂಕೋಚ ಆಗಿರಬೇಕು. ನನ್ನ ಮರ್ಯಾದೆ ಕಾಯಲು ಸುಮ್ಮನಿದ್ದರು ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ಮರ್ಯಾದೆಯಿಂದ ಕಾಯಿಲೆ ನನ್ನೊಳಗೆ ಇನ್ನಷ್ಟು ದಿನ ಉಳಿಯಿತು. ಇದನ್ನು ಎಷ್ಟು ಜೋರಾಗಿ ಹೇಳಿದರೂ ನನಗೆ ಸಮಾಧಾನ ಇಲ್ಲ.

ದಾರಿ ತೋರಿಸಿದವರು ನನ್ನ ಒಬ್ಬ ಗಿರಾಕಿ. ಅವರು ಸ್ಟಾಫ್ ನರ್ಸ್. ಮಗಳ ಮದುವೆಗೆ ಅಂತ ಬ್ಲೌಸ್ ಹೊಲಿಸಲು ಬಂದಿದ್ದರು. ಟೇಪು ಹಿಡಿದು ತೋಳಿನ ಸುತ್ತಳತೆ ನೋಡುತ್ತಿದ್ದೆ, ಅವರು ನನ್ನ ಕೈ ಹಿಡಿದು ಮಗುಚಿ ನೋಡಿದರು. 'ಕಾಲಲ್ಲೂ ಇದೆಯಾ ಅಕ್ಕಾ?' ಅಂದರು. ಇದೆ ಅಂದೆ. 'ತುರಿಸುತ್ತಾ?' ಇಲ್ಲ ಅಂದೆ. 'ನಾಳೆನೇ ಜಿಲ್ಲಾಸ್ಪತ್ರೆಯ ಚರ್ಮದ ಓಪಿಡಿಗೆ ಹೋಗಿ. ಕೈ, ಕಾಲು, ಬಾಯಿ ಎಲ್ಲ ತೋರಿಸಿ. ಹಚ್ಚುತ್ತಿರೋ ಟ್ಯೂಬ್‌ಗಳನ್ನೂ ತಗೊಂಡು ಹೋಗಿ' ಅಂದರು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ, ಕಾಯಿಲೆಯ ಹೆಸರು ಎತ್ತಲಿಲ್ಲ.

ಓಪಿಡಿಯಲ್ಲಿ ಜನವೋ ಜನ. ಹುಳುಕಡ್ಡಿ, ಕಜ್ಜಿ, ಮೊಡವೆ, ಬಿಳಿ ಮಚ್ಚೆ, ಎಲ್ಲರೂ ಒಂದೇ ಬೆಂಚಿನ ಮೇಲೆ. ಬೇಸರ ಪಟ್ಟುಕೊಂಡೇ ಕೂತಿದ್ದೆ. ಒಳಗೆ ಹೋದ ಮೇಲೆ ಆ ಬೇಸರವೆಲ್ಲ ಮರೆತೇ ಹೋಯಿತು.

ಡಾಕ್ಟರ್ ಮೇಡಂ ಮೊದಲು ಪರದೆ ಎಳೆಸಿದರು. ಜೊತೆಗೆ ಬಂದಿದ್ದ ನಾದಿನಿಯನ್ನು ಹೊರಗೆ ಕೂರಲು ಹೇಳಿದರು. ಕಿಟಕಿ ಹತ್ತಿರ, ಹಗಲು ಬೆಳಕಿಗೆ ನನ್ನನ್ನು ನಿಲ್ಲಿಸಿ ನೋಡಲು ಶುರು ಮಾಡಿದರು. ಬೆನ್ನು, ಹೊಟ್ಟೆ, ಕಂಕುಳು. ಕೂದಲನ್ನು ಬೆರಳಿಂದ ಬಿಡಿಸಿ ಬಿಡಿಸಿ ತಲೆ ನೋಡಿದರು. ಬಾಯಿ ತೆರೆಸಿ ಟಾರ್ಚ್ ಹಾಕಿದರು. ಚಪ್ಪಲಿ ಬಿಡಿಸಿ ಎರಡೂ ಅಂಗಾಲು ನೋಡಿದರು. ಅಂಗಾಲಿನಲ್ಲಿ ಒಂದೊಂದು ಕಲೆಯೂ ಬಟಾಣಿ ಗಾತ್ರ, ಹಳೇ ತಾಮ್ರದ ಚೊಂಬಿನ ಬಣ್ಣ, ಅಂಚಿನ ಸುತ್ತ ತೆಳುವಾಗಿ ಸಿಪ್ಪೆ ಎದ್ದಿತ್ತು. ಅಂಗೈಯಲ್ಲಿ ತಮ್ಮನ ಮದುವೆಯ ಮದರಂಗಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದರ ಬಣ್ಣದಲ್ಲೇ ಕಲೆಗಳು ಬೆರೆತುಹೋಗಿದ್ದವು. ಅವರು ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ, ಅಂಗೈ ಚರ್ಮ ಎಳೆದು ಹಿಡಿದು ಒಂದೊಂದನ್ನೇ ಹುಡುಕಿದರು.

ಆಮೇಲೆ ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಗುಂಡುಪಿನ್ನಿನ ತಲೆಯ ಕಡೆಯಿಂದ ಅಂಗೈಯ ಒಂದು ಕಲೆಯನ್ನು ಮೆಲ್ಲಗೆ ಒತ್ತಿದರು. ನೋವಾಗಿ ಕೈ ಎಳೆದುಕೊಂಡೆ. ಪಕ್ಕದ ಸರಿಯಾಗಿರುವ ಚರ್ಮ ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಕಲೆ ಒತ್ತಿದರು, ಮತ್ತೆ ನೋವು. ಹಾಗೆಯೇ ಮೊಣಕೈಯ ಒಳಭಾಗದಲ್ಲಿ, ಕೀಲಿಗಿಂತ ಸ್ವಲ್ಪ ಮೇಲೆ, ಬೆರಳಾಡಿಸಿದರು. ಅಲ್ಲಿ ಒಂದು ಸಣ್ಣ ಗಂಟು ಇತ್ತು, ನೋವಿಲ್ಲದ ಗಂಟು. ಎರಡೂ ಕೈಯಲ್ಲಿ. ಅಂಥದ್ದೊಂದು ಅಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ಅವರ ಜೊತೆ ಕಲಿಯುತ್ತಿದ್ದ ಇಬ್ಬರು ಹುಡುಗಿಯರನ್ನು ಕರೆದು, ನನ್ನನ್ನು ಕೇಳಿ, ನಾನು ಹೂಂ ಅಂದ ಮೇಲೆ ಅವರಿಂದಲೂ ಆ ಗಂಟು ಮುಟ್ಟಿಸಿದರು. 'ಇದನ್ನು ಹುಡುಕೋದು ಮರೀಬೇಡಿ' ಅಂತ ಅವರಿಗೆ ಹೇಳಿದರು.

ಆ ಮೇಲೆ ಪ್ರಶ್ನೆಗಳು. ಕಳೆದ ಕೆಲವು ತಿಂಗಳಲ್ಲಿ ಗುಪ್ತಾಂಗದಲ್ಲಿ ನೋವಿಲ್ಲದ ಹುಣ್ಣು ಆಗಿತ್ತಾ? ಗಂಡ ಹೆಂಡತಿ ಸೇರುತ್ತೀರಾ? ನಿಮಗಾಗಲೀ ಅವರಿಗಾಗಲೀ ಬೇರೆ ಸಂಬಂಧ ಇದೆಯಾ? ಬಿಪಿ ಎಷ್ಟು ಅಂತ ಕೇಳುವ ದನಿಯಲ್ಲೇ ಕೇಳಿದರು. 'ನೋಡಮ್ಮಾ, ಇದನ್ನು ನಾನು ಇಂಥ ಕಲೆ ಇರೋ ಎಲ್ಲರಿಗೂ ಕೇಳುತ್ತೀನಿ. ಅಜ್ಜಿ ಬಂದರೂ ಕೇಳುತ್ತೀನಿ' ಅಂದರು. ಆ ಒಂದು ಮಾತಿಗೆ ನನ್ನ ಗಂಟಲು ಸಡಿಲವಾಯಿತು. ನನಗೆ ಯಾವ ಹುಣ್ಣೂ ನೆನಪಿಲ್ಲ ಅಂದೆ. ಹೆಂಗಸರಲ್ಲಿ ಅದು ಒಳಗಡೆ ಆಗಿಬಿಟ್ಟರೆ ಗೊತ್ತೇ ಆಗುವುದಿಲ್ಲ, ನೋವೂ ಇರುವುದಿಲ್ಲ, 3ರಿಂದ 6 ವಾರದಲ್ಲಿ ತಾನೇ ಮಾಯುತ್ತದೆ ಅಂತ ಹೇಳಿದರು.

ಅವರಿಗೆ ಅನುಮಾನ ಬಂದಿದ್ದು ಸಿಫಿಲಿಸ್ ಮೇಲೆ, ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ ಅದು. ಆ ನೋವಿಲ್ಲದ ಹುಣ್ಣು ಮೊದಲ ಹಂತ, ಈ ಕಲೆಗಳು ಎರಡನೇ ಹಂತ.

ಉಳಿದ ಕಾಯಿಲೆಗಳನ್ನು ಅವರು ಯಾಕೆ ಬಿಟ್ಟರು ಅನ್ನೋದನ್ನು ನಾನು ಕೇಳಿ ತಿಳಿದುಕೊಂಡೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಬೇಸರ ಮಾಡಿಕೊಳ್ಳದೆ ಹೇಳಿದರು. ಪಿಟಿರಿಯಾಸಿಸ್ ರೋಸಿಯಾದಲ್ಲಿ ಸಾಮಾನ್ಯವಾಗಿ ಮೊದಲು ಒಂದು ದೊಡ್ಡ ಕಲೆ ಬರುತ್ತದೆ, ಆಮೇಲೆ ಚಿಕ್ಕವು ಪಕ್ಕೆಲುಬಿನ ಓರೆಯಲ್ಲೇ ಸಾಲಾಗಿ ಏಳುತ್ತವೆ. ಅಂಗೈ ಅಂಗಾಲಿಗೆ ಸಾಮಾನ್ಯವಾಗಿ ಬರುವುದಿಲ್ಲ. ಬೆನ್ನೊಂದನ್ನೇ ನೋಡಿದರೆ ಎರಡನ್ನೂ ಬೇರೆ ಮಾಡೋದು ಅನುಭವ ಇದ್ದವರಿಗೂ ಕಷ್ಟ. ಅದಕ್ಕೇ ಅಂಥ ಕಲೆ ನೋಡಿದಾಗ ಸಿಫಿಲಿಸ್‌ಗೆ ಒಂದು ರಕ್ತಪರೀಕ್ಷೆ ಮಾಡಿಸಿಬಿಡೋದು ಒಳ್ಳೆಯದು ಅಂದರು. ಸೋರಿಯಾಸಿಸ್ ಆದರೆ ಬೆಳ್ಳಗೆ ದಪ್ಪ ಹೊಟ್ಟು ಏಳುತ್ತದೆ, ಮೊಣಕೈ, ಮೊಣಕಾಲು, ತಲೆ, ಉಗುರು ನೋಡಬೇಕು. ನನ್ನ ಉಗುರು ಚೆನ್ನಾಗಿಯೇ ಇದ್ದವು. ಲೈಕನ್ ಪ್ಲಾನಸ್ ಅಂತ ಒಂದಿದೆ, ಅದು ನೇರಳೆ ಬಣ್ಣ, ಜಾಸ್ತಿ ತುರಿಕೆ. ಔಷಧಿಯ ಅಲರ್ಜಿ ಇರಬಹುದಾ ಅಂತ ನಾನು ತಿಂದ ಮಾತ್ರೆಗಳನ್ನೆಲ್ಲ ಬರೆದುಕೊಂಡರು. ಹತ್ತಿಯ ಎಳೆಯಿಂದ ಕಲೆಗಳ ಮೇಲೆ ಸವರಿ ಗೊತ್ತಾಗುತ್ತಾ ಅಂತ ಕೇಳಿದರು. ಅದು ಕುಷ್ಠ ಇದೆಯಾ ಅಂತ ನೋಡೋದಕ್ಕೆ. ನಮ್ಮ ದೇಶದಲ್ಲಿ ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಲೇಬೇಕು ಅಂದರು. ನಮ್ಮಲ್ಲಿ ಚರ್ಮ, ಲೈಂಗಿಕ ರೋಗ, ಕುಷ್ಠ ಮೂರನ್ನೂ ಒಂದೇ ಡಿಗ್ರಿಯಲ್ಲಿ ಕಲಿಸುತ್ತಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅಂದರೆ ಚರ್ಮದ ಡಾಕ್ಟರು ಎಲ್ಲರೂ ಇದನ್ನು ಓದಿಯೇ ಬಂದಿರುತ್ತಾರೆ. ನೋಡಲು ಮನಸ್ಸು ಮಾಡಬೇಕು, ಅಷ್ಟೇ.

ಅಲ್ಲಿಂದ ಸುರಕ್ಷಾ ಕ್ಲಿನಿಕ್‌ನ ಕೋಣೆಗೆ ಕಳಿಸಿದರು. ಆಪ್ತ ಸಮಾಲೋಚಕಿ ಬಾಗಿಲು ಮುಂದೆ ಮಾಡಿ, ನೀರು ಕೊಟ್ಟು, ಯಾವ ಯಾವ ಪರೀಕ್ಷೆ, ಯಾಕೆ ಅಂತ ಹೇಳಿದರು. ಎಚ್‌ಐವಿ ಪರೀಕ್ಷೆಗೆ ಬೇರೆಯಾಗಿ ಒಪ್ಪಿಗೆ ಕೇಳಿದರು. ಸಿಫಿಲಿಸ್ ಹುಣ್ಣು ಇರುವಾಗ ಎಚ್‌ಐವಿ ತಗಲುವುದು ಸುಲಭ, ಅದಕ್ಕೆ ಎರಡನ್ನೂ ಒಟ್ಟಿಗೆ ನೋಡುತ್ತಾರಂತೆ. ನನ್ನದು ನೆಗೆಟಿವ್ ಬಂತು. ಮಕ್ಕಳ ಬಗ್ಗೆ ನನಗೆ ಜೀವ ಹೋಗುವಷ್ಟು ಭಯ ಇತ್ತು. ಅದಕ್ಕೆ ಅವರು 'ನಿಮ್ಮ ತಾಯಿ ಕಾರ್ಡ್ ಇದ್ದರೆ ತನ್ನಿ ಅಕ್ಕಾ' ಅಂದರು. ಬಸುರಿಯಾದಾಗ ಪಿಎಚ್‌ಸಿಯಲ್ಲಿ ರಕ್ತ ತೆಗೆದು ವಿಡಿಆರ್‌ಎಲ್ ಮಾಡುತ್ತಾರಲ್ಲ, ಅದು ಇದೇ ಕಾಯಿಲೆಗೆ. ತಾಯಿಯಿಂದ ಹೊಟ್ಟೆಯೊಳಗಿನ ಮಗುವಿಗೆ ಹೋಗುತ್ತದೆ, ಗರ್ಭಪಾತ ಆಗಬಹುದು, ಮಗು ಸತ್ತೇ ಹುಟ್ಟಬಹುದು, ಹುಟ್ಟಿದರೂ ಕಾಯಿಲೆಯಿಂದ ಹುಟ್ಟಬಹುದು. ಬೀರುವಿನ ಪ್ಲಾಸ್ಟಿಕ್ ಕವರ್‌ನಲ್ಲಿ ಎರಡೂ ಕಾರ್ಡ್ ಇತ್ತು. ಎರಡರಲ್ಲೂ ನೆಗೆಟಿವ್. ಅಂದರೆ ಮಕ್ಕಳು ಹುಟ್ಟಿದ ಮೇಲೆ ನನಗೆ ಬಂದದ್ದು, ಅವರಿಗೆ ಏನೂ ಇಲ್ಲ. ಆ ಹಳದಿಯಾದ ಕಾರ್ಡನ್ನು ಅವರು ನನ್ನ ಮುಂದೆ ಓದಿ ಹೇಳಿದಾಗ ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರಾಡಿದೆ.

ಲ್ಯಾಬಿನ ಬಗ್ಗೆಯೂ ಹೇಳಬೇಕು. ಅಲ್ಲಿ ಮಾಡಿದ ಮೊದಲ ಪರೀಕ್ಷೆ ಆರ್‌ಪಿಆರ್, ಸಿಫಿಲಿಸ್ ಇದೆಯಾ ಅಂತ ನೋಡುವ ರಕ್ತಪರೀಕ್ಷೆ. ಬಿಳಿ ಕಾರ್ಡಿನ ಮೇಲೆ ವೃತ್ತಗಳಿರುತ್ತವೆ. ಅದರೊಳಗೆ ರಕ್ತದ ಸೀರಮ್ (ರಕ್ತದಿಂದ ಬೇರೆ ಮಾಡಿದ ತಿಳಿ ದ್ರವ), ಕಪ್ಪು ಇದ್ದಿಲ ಪುಡಿ ಇರುವ ದ್ರವ ಹಾಕಿ, ಮಷಿನ್ ಮೇಲೆ 8 ನಿಮಿಷ ತಿರುಗಿಸುತ್ತಾರೆ. ಕಾಯಿಲೆ ಇದ್ದರೆ ಕಪ್ಪು ಕಾಳುಗಳು ಗುಂಪುಗೂಡುತ್ತವೆ, ಇಲ್ಲದಿದ್ದರೆ ಸಮವಾಗಿ ಬೂದು ಬಣ್ಣ. ನನ್ನ ಕಾರ್ಡನ್ನು ಸಮಾಲೋಚಕಿ ಕೇಳಿ ತರಿಸಿ ತೋರಿಸಿದರು. ಕಾಳುಗಳು ಬರಿಗಣ್ಣಿಗೇ ಕಾಣುತ್ತಿದ್ದವು.

ಟೆಕ್ನಿಷಿಯನ್ ಹೇಳಿದ ಒಂದು ವಿಷಯ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಎರಡನೇ ಹಂತದಲ್ಲಿ ರಕ್ತದಲ್ಲಿ ಆಂಟಿಬಾಡಿ, ಅಂದರೆ ರೋಗದ ವಿರುದ್ಧ ಮೈ ತಯಾರಿಸುವ ವಸ್ತು, ತುಂಬ ಜಾಸ್ತಿ ಇರುತ್ತದೆ. ಸೀರಮ್‌ಗೆ ಏನೂ ಬೆರೆಸದೆ ಹಾಗೇ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ನೆಗೆಟಿವ್ ಅಂತ ಬಂದುಬಿಡುತ್ತದೆ. ಅದಕ್ಕೆ ಡಾಕ್ಟರಿಗೆ ಅನುಮಾನ ಇದ್ದರೆ ಸಲೈನ್ ಬೆರೆಸಿ ತೆಳು ಮಾಡುತ್ತಾ ಮಾಡುತ್ತಾ ಮತ್ತೆ ನೋಡಬೇಕು. ನನ್ನ ಚೀಟಿಯ ಮೇಲೆ ಡಾಕ್ಟರ್ ಮೇಡಂ ಅದನ್ನು ಮೊದಲೇ ಬರೆದು ಕಳಿಸಿದ್ದರು. ನನ್ನದು 1:64 ಬಂತು. 64 ಪಟ್ಟು ತೆಳು ಮಾಡಿದರೂ ಕಾಳು ಕಟ್ಟುತ್ತಿತ್ತು ಅಂತ ಅರ್ಥ. ಹಾಗೆಯೇ, ಕಾಯಿಲೆ ಇಲ್ಲದವರಿಗೂ ಈ ಪರೀಕ್ಷೆ ಪಾಸಿಟಿವ್ ಬರುವುದುಂಟು. ಲೂಪಸ್, ಕುಷ್ಠ, ಮಲೇರಿಯಾ ಇದ್ದವರಲ್ಲಿ, ಕೆಲವು ಸಲ ಬಸುರಿಯರಲ್ಲಿ. ಆದ್ದರಿಂದ ಟಿಪಿಎಚ್‌ಎ ಅಂತ ಇನ್ನೊಂದು ಪರೀಕ್ಷೆ ಮಾಡಿ ಗಟ್ಟಿ ಮಾಡಿಕೊಂಡರು. ಅದೂ ಪಾಸಿಟಿವ್. ಟಿಪಿಎಚ್‌ಎ ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ, ಮುಂದೆ ಎಲ್ಲಾದರೂ ರಕ್ತ ಪರೀಕ್ಷೆ ಮಾಡಿಸಿ ಅದು ಬಂದರೆ ಹೆದರಬೇಡಿ, ಈ ಫೈಲ್ ತೋರಿಸಿ ಅಂತ ಮೊದಲೇ ಹೇಳಿಟ್ಟರು. ಎಷ್ಟು ಜನ ಇಷ್ಟು ಮುಂದಾಲೋಚನೆ ಮಾಡುತ್ತಾರೆ ಹೇಳಿ.

ಚಿಕಿತ್ಸೆ ಒಂದೇ ಸಲದ ಇಂಜೆಕ್ಷನ್. ಬೆಂಜಥಿನ್ ಪೆನ್ಸಿಲಿನ್, 24 ಲಕ್ಷ ಯೂನಿಟ್. 1943ರಲ್ಲಿ ಮೊದಲು ಈ ಕಾಯಿಲೆಗೆ ಪೆನ್ಸಿಲಿನ್ ಕೊಟ್ಟಿದ್ದಂತೆ, ಇವತ್ತಿಗೂ ಪೆನ್ಸಿಲಿನ್ನೇ ಮೊದಲ ಔಷಧಿ, ಆ ರೋಗಾಣು ಇನ್ನೂ ಅದಕ್ಕೆ ಬಗ್ಗುತ್ತಲೇ ಇದೆ. ಮೊದಲು ಮುಂಗೈಯಲ್ಲಿ ಟೆಸ್ಟ್ ಡೋಸ್ ಹಾಕಿ ಕೂರಿಸಿದರು. ಅಲರ್ಜಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸೊಂಟದ ಕೆಳಗೆ ಎರಡೂ ಕಡೆ ಅರ್ಧ ಅರ್ಧ ಕೊಟ್ಟರು. ಔಷಧಿ ಹಾಲಿನ ಹಾಗೆ ಮಂದ, ಸೂಜಿ ದಪ್ಪ, ನೋವು ಚೆನ್ನಾಗಿಯೇ ಇರುತ್ತದೆ. ಎರಡು ದಿನ ಮಷಿನ್ ಮುಂದೆ ಕೂರಲು ಆಗಲಿಲ್ಲ. ಪೆನ್ಸಿಲಿನ್ ಆಗದವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಇದೆ, ಆದರೆ ಬಸುರಿಯರಿಗೆ ಅದನ್ನು ಕೊಡುವುದಿಲ್ಲ.

'ಇವತ್ತು ರಾತ್ರಿ ಜ್ವರ, ಚಳಿ, ತಲೆನೋವು ಬರಬಹುದು, ಕಲೆಗಳು ಇನ್ನೂ ಕೆಂಪಾಗಬಹುದು. ಇಂಜೆಕ್ಷನ್ ಅಲರ್ಜಿ ಅಂತ ಗಾಬರಿ ಆಗಬೇಡಿ, ರೋಗಾಣು ಒಟ್ಟಿಗೆ ಸಾಯುವಾಗ ಮೈ ಹಾಗೆ ಮಾಡುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ' ಅಂತ ನರ್ಸ್ ಹೇಳಿ ಪ್ಯಾರಾಸಿಟಮಾಲ್ ಕೊಟ್ಟಿದ್ದರು. ಹಾಗೇ ಆಯಿತು. ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ. ಅವರು ಮೊದಲೇ ಹೇಳದೆ ಇದ್ದಿದ್ದರೆ ಮನೆಯವರು ನನ್ನನ್ನು ಎಮರ್ಜೆನ್ಸಿಗೆ ಹೊತ್ತುಕೊಂಡು ಓಡುತ್ತಿದ್ದರು.

ಇನ್ನು ನಮ್ಮನೆಯವರ ವಿಷಯ. ಅವರಿಗೂ ಪರೀಕ್ಷೆ ಆಗಲೇಬೇಕು, ಇಲ್ಲದಿದ್ದರೆ ನನಗೆ ಮತ್ತೆ ಬರುತ್ತದೆ. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುವ ಕಾಯಿಲೆ ಅಲ್ಲ ಇದು. ಸಮಾಲೋಚಕಿ ನನ್ನ ಕೈಗೆ ಒಂದು ಚೀಟಿ ಕೊಟ್ಟರು, ಅದರಲ್ಲಿ ಕಾಯಿಲೆಯ ಹೆಸರಿಲ್ಲ, ಇಂಥ ಕೋಣೆಗೆ ಬಂದು ಕಾಣಿ ಅಂತ ಮಾತ್ರ. ಹೇಗೆ ಹೇಳಬೇಕು, ಯಾವ ಹೊತ್ತಿಗೆ ಹೇಳಬೇಕು ಅಂತ ನನ್ನ ಜೊತೆ ಕೂತು ಮಾತಾಡಿದರು. ಮನೆಯಲ್ಲಿ ಹೊಡೆತ ಬಡಿತದ ಭಯ ಇದೆಯಾ ಅಂತಲೂ ಕೇಳಿದರು. ನಮ್ಮನೆಯವರು ಬಂದರು. ಮೈಮೇಲೆ ಒಂದು ಕಲೆ ಇಲ್ಲ, ಏನೂ ತೊಂದರೆ ಇಲ್ಲ, ಆದರೂ ರಕ್ತದಲ್ಲಿ ಪಾಸಿಟಿವ್. ಯಾವಾಗ ಬಂದದ್ದು ಅಂತ ಹೇಳಲು ಆಗದ ಕಾರಣ ಅವರಿಗೆ ಅದೇ ಇಂಜೆಕ್ಷನ್ ವಾರಕ್ಕೊಂದರಂತೆ 3 ಸಲ ಕೊಟ್ಟರು. ನಮ್ಮಿಬ್ಬರ ನಡುವೆ ಆದ ಮಾತು ನಮ್ಮಿಬ್ಬರದೇ, ಇಲ್ಲಿ ಬರೆಯುವುದಿಲ್ಲ. ಸಮಾಲೋಚಕಿ ಇಬ್ಬರನ್ನೂ ಸಮನಾಗಿ ಕಂಡರು, ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲ, ಅದನ್ನು ಮಾತ್ರ ಹೇಳುತ್ತೇನೆ.

ಇನ್ನೂ ಒಂದು ಸಂಗತಿ. ಚಿಕಿತ್ಸೆ ಮಾಡದಿದ್ದರೂ ಈ ಕಲೆಗಳು ಸ್ವಲ್ಪ ಕಾಲಕ್ಕೆ ತಾವಾಗಿಯೇ ಹೋಗುತ್ತವೆ. ಇಲ್ಲಿಗೆ ಬರದೆ ಇದ್ದಿದ್ದರೆ, ಮೊದಲ ಕ್ಲಿನಿಕ್‌ನವರು ಹೇಳಿದ್ದು ನಿಜವಾಯಿತು ಅಂತ ನಾನು ಅವರನ್ನು ಹೊಗಳಿಕೊಂಡು ಇದ್ದುಬಿಡುತ್ತಿದ್ದೆ. ಸ್ಟೆರಾಯ್ಡ್ ಮುಲಾಮಿನಿಂದ ಸೋರಿಯಾಸಿಸ್ ವಾಸಿಯಾಯಿತು ಅಂತ ನಾಲ್ಕು ಜನಕ್ಕೆ ಆ ಟ್ಯೂಬಿನ ಹೆಸರನ್ನೂ ಹೇಳುತ್ತಿದ್ದೆ. ಕಾಯಿಲೆ ಒಳಗೆ ಉಳಿದು, ಎಷ್ಟೋ ವರ್ಷ ಆದ ಮೇಲೆ ಕೆಲವರಲ್ಲಿ ಹೃದಯದ ದೊಡ್ಡ ರಕ್ತನಾಳ, ಮಿದುಳು ಹಾಳು ಮಾಡುತ್ತದೆ. ಕಣ್ಣು, ಕಿವಿಗಂತೂ ಯಾವ ಹಂತದಲ್ಲಾದರೂ ಬರಬಹುದು. ಕಣ್ಣು ಮಂಜಾಗಿದೆಯಾ, ಕಿವಿಯಲ್ಲಿ ಗುಂಯ್ ಅನ್ನುತ್ತಾ ಅಂತ ಅವರು ಎರಡೆರಡು ಸಲ ಕೇಳಿದ್ದು ಅದಕ್ಕೇ. ಸೂಜಿಗೆ ದಾರ ಪೋಣಿಸಿ ಬದುಕುವವಳು ನಾನು. ಕಣ್ಣಿನ ಮಾತು ಬಂದಾಗ ಎದೆ ಧಸಕ್ಕೆಂದಿತ್ತು.

ಬಟ್ಟೆ, ಟವೆಲ್, ತಟ್ಟೆ ಲೋಟ, ಬಾತ್‌ರೂಮಿನಿಂದ ಇದು ಹರಡುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆ ಮುಟ್ಟಬಹುದಾ ಅಂತ ನಾನು ಕೇಳಿದ್ದಕ್ಕೆ ಧಾರಾಳವಾಗಿ ಹೊಲಿಯಿರಿ ಅಂದರು. ಬಾಯಲ್ಲಿ ಹುಣ್ಣು ಇರುವವರೆಗೆ ಯಾರಿಗೂ ಮುತ್ತು ಕೊಡುವುದು ಬೇಡ, ಇಬ್ಬರದೂ ಚಿಕಿತ್ಸೆ ಮುಗಿದು ಅವರು ಹೇಳುವವರೆಗೆ ಗಂಡ ಹೆಂಡತಿ ಸೇರುವುದು ಬೇಡ ಅಂದರು.

ಕೊರತೆಗಳೂ ಇವೆ, ಬರೆಯದೆ ಇದ್ದರೆ ಸರಿಯಲ್ಲ. ಚೀಟಿ ಕೊಡುವ ಕೌಂಟರಿನಲ್ಲಿ ಕೂತವರಿಗೆ ಸುರಕ್ಷಾ ಕ್ಲಿನಿಕ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ 'ಓ, ಗುಪ್ತರೋಗದ ರೂಮಾ?' ಅಂತ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಕೂಗಿದರು. ನನ್ನ ಮುಂದೆ ನಿಂತಿದ್ದ ಒಬ್ಬ ಚಿಕ್ಕ ವಯಸ್ಸಿನ ಹುಡುಗ ತನ್ನ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಟೇಹೋದ. ಅವನು ಮತ್ತೆ ಬಂದನೋ ಇಲ್ಲವೋ. ಒಳಗೆ ಕೂತವರು ಇಷ್ಟು ಜೋಪಾನವಾಗಿ ಕೆಲಸ ಮಾಡುವಾಗ ಬಾಗಿಲಲ್ಲೇ ಜನ ವಾಪಸ್ ಹೋಗುವ ಹಾಗೆ ಆಗಬಾರದು. ಕೌಂಟರಿನವರಿಗೆ ಅರ್ಧ ದಿನ ಕೂರಿಸಿ ಹೇಳಿಕೊಟ್ಟರೆ ಸರಿಹೋಗುವ ವಿಷಯ ಇದು. ಇದನ್ನು ದೂರು ಪೆಟ್ಟಿಗೆಯಲ್ಲೂ ಬರೆದು ಹಾಕಿದ್ದೇನೆ. ಕ್ಲಿನಿಕ್ ಮುಂದಿನ ಬೆಂಚುಗಳು ಓಡಾಡುವ ದಾರಿಯಲ್ಲೇ ಇವೆ, ಪರಿಚಯದವರು ಕಂಡರೆ ಅನ್ನುವ ಭಯದಲ್ಲಿ ಸೆರಗು ಹೊದ್ದು ಕೂರಬೇಕು. ಒಂದು ಸ್ಕ್ರೀನ್ ಹಾಕಿದರೆ ಸಾಕು.

ಈಗ ಹೇಗಿದ್ದೇನೆ ಅಂದರೆ, ಅಂಗೈ ತಿಳಿಯಾಗಿದೆ. ಅಂಗಾಲಿನಲ್ಲಿ ಮಸುಕು ಗುರುತು ಮಾತ್ರ. ಕೂದಲು ಉದುರಿದ ಕಡೆ ಮತ್ತೆ ಬಂದಿದೆ. 3 ತಿಂಗಳಿಗೆ, 6 ತಿಂಗಳಿಗೆ, 12 ತಿಂಗಳಿಗೆ ರಕ್ತ ಪರೀಕ್ಷೆ ಅಂತ ಫೈಲಿನ ಮೇಲೆ ಬರೆದುಕೊಟ್ಟಿದ್ದಾರೆ. 1:64 ಇದ್ದದ್ದು 1:16ಕ್ಕಾದರೂ ಇಳಿಯಬೇಕು, ಆಗ ಔಷಧಿ ಕೆಲಸ ಮಾಡಿದೆ ಅಂತ ಲೆಕ್ಕ. ನನ್ನದು 6 ತಿಂಗಳಿಗೆ 1:4ಕ್ಕೆ ಇಳಿದಿದೆ. ರಿಪೋರ್ಟ್ ನೋಡಿ ಡಾಕ್ಟರ್ ಮೇಡಂ ನನಗಿಂತ ಜಾಸ್ತಿ ಖುಷಿಪಟ್ಟರು.

ಹೋಗುವವರಿಗೆ ಕೆಲವು ಮಾತು. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ರಕ್ತ ತೆಗೆದುಕೊಳ್ಳುವುದಿಲ್ಲ. ಹಳೇ ಚೀಟಿ, ಮಾತ್ರೆ, ಮುಲಾಮಿನ ಟ್ಯೂಬ್ ಎಲ್ಲ ಒಂದು ಕವರ್‌ಗೆ ಹಾಕಿಕೊಳ್ಳಿ. ಕಲೆ ಜೋರಾಗಿ ಇದ್ದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಅಂಗಾಲಿನದ್ದೂ ಇರಲಿ. ಮದರಂಗಿ, ನೇಲ್ ಪಾಲಿಷ್ ಇಲ್ಲದೆ ಹೋದರೆ ಅವರಿಗೆ ನೋಡಲು ಸುಲಭ. ಕಲೆ ಮಾಯವಾಗಿದೆ ಅಂತ ಸುಮ್ನೆ ಮನೆಯಲ್ಲಿ ಉಳಿಯಬೇಡಿ, ರಕ್ತದಲ್ಲಿ ಸಿಗುತ್ತದೆ. ಯಾವ ಆಸ್ಪತ್ರೆಗೆ ಹೋಗಬೇಕು ಗೊತ್ತಿಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಿ, ದುಡ್ಡು ಬೀಳುವುದಿಲ್ಲ. ಕೌಂಟರಿನಲ್ಲಿ ಸುರಕ್ಷಾ ಕ್ಲಿನಿಕ್ ಅನ್ನಲು ಮುಜುಗರ ಆದರೆ ಚರ್ಮದ ಓಪಿಡಿ ಅಂತ ಹೇಳಿ ಚೀಟಿ ಮಾಡಿಸಿ. ಒಳಗೆ ಹೋದ ಮೇಲೆ ಮುಂದಿನ ದಾರಿ ಅವರೇ ತೋರಿಸುತ್ತಾರೆ.